ಶಾಫ್ಟ್ ತಿರುಗುವ ಮೊದಲೇ ಗುಂಯ್ ಶಬ್ದ, ಟ್ರಿಪ್: ಮ್ಯಾಗ್ನೆಟಿಕ್ ಬೇರಿಂಗ್ ಕಂಪ್ರೆಸರ್

ಗ್ಯಾಸ್‌ಲೈನ್ (ಪ್ರಶ್ನೆ):
ಗ್ಯಾಸ್ ಪೈಪ್‌ಲೈನಿನ ಸೆಂಟ್ರಿಫ್ಯೂಗಲ್ ಕಂಪ್ರೆಸರ್, ಹೈಸ್ಪೀಡ್ ಮೋಟರ್ ಡ್ರೈವ್. ಕಂಪ್ರೆಸರ್ ರೋಟರ್ 400 ಕೆ.ಜಿ., ಪೂರ್ಣ ವೇಗ 9,000 ಆರ್‌ಪಿಎಂ. ಶಾಫ್ಟನ್ನು ಕಾಂತಬಲದಿಂದ ತೇಲಿಸುವ ಎರಡು ರೇಡಿಯಲ್ ಮ್ಯಾಗ್ನೆಟಿಕ್ ಬೇರಿಂಗ್, ಉದ್ದಕ್ಕೆ ಸರಿಯದಂತೆ ಹಿಡಿಯುವ ಒಂದು ಥ್ರಸ್ಟ್ ಬೇರಿಂಗ್. ಓವರ್‌ಹಾಲ್‌ನಲ್ಲಿ ಕಪ್ಲಿಂಗ್ ಹಬ್ (ಮೋಟರಿಗೆ ಜೋಡಿಸುವ, ಶಾಫ್ಟ್ ತುದಿಯ ಭಾಗ) ಬದಲಾಗಿದೆ. ಹೊಸದು 6 ಕೆ.ಜಿ. ಹೆಚ್ಚು ಭಾರ. ಈಗ ಶಾಫ್ಟ್ ನಿಂತೇ ಇರುವಾಗ ಲೆವಿಟೇಶನ್ (ಕಾಂತದಿಂದ ತೇಲಿಸುವುದು) ಆನ್ ಮಾಡಿದರೆ ಎರಡು ಮೂರು ಸೆಕೆಂಡಿನಲ್ಲಿ 230 ಹರ್ಟ್ಜ್ ಆಸುಪಾಸಿನ ಗುಂಯ್ ಶಬ್ದ, ಡ್ರೈವ್ ಎಂಡ್‌ನಲ್ಲಿ ಕಂಪನದ ಅಲಾರಂ, ಆಮೇಲೆ ಟ್ರಿಪ್. ಮತ್ತೆ ಬ್ಯಾಲೆನ್ಸ್ ಮಾಡಿಸಬೇಕೆ? ಕಂಟ್ರೋಲರಿನ ಗೇನ್ (ಪ್ರತಿಕ್ರಿಯೆಯ ತೀವ್ರತೆ) ಇಳಿಸಿದರೆ ಸಾಕೆ? ತಂಡದಲ್ಲಿ ಎಲ್ಲರೂ ಎಣ್ಣೆ ಬೇರಿಂಗಿನವರು, ಬುಡದಿಂದ ಹೇಳಿದರೂ ಒಳ್ಳೆಯದೇ.

ಲೂಪ್‌ಟ್ಯೂನರ್:
ತಿರುಗದ ಶಾಫ್ಟಿಗೆ ಅನ್‌ಬ್ಯಾಲೆನ್ಸ್ ಎಲ್ಲಿಂದ ಬರಬೇಕು? ಬ್ಯಾಲೆನ್ಸಿಂಗ್ ಯಂತ್ರದ ಕಡೆ ಹೋಗಲೇಬೇಡಿ. ಇದು ಕಂಟ್ರೋಲ್ ಲೂಪ್ ಅಸ್ಥಿರವಾಗಿರುವ ಲಕ್ಷಣ.

ಬುಡ ಇಷ್ಟು. ವಿದ್ಯುತ್ಕಾಂತ ಎಳೆಯಬಲ್ಲದು, ತಳ್ಳಲಾರದು. ಎಳೆಯುವ ಬಲ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಗಾಳಿಯ ಅಂತರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಅಂದರೆ ಶಾಫ್ಟ್ ಹತ್ತಿರ ಬಂದಷ್ಟೂ ಸೆಳೆತ ಜಾಸ್ತಿ. ಸ್ಪ್ರಿಂಗಿಗೆ ಪೂರ್ತಿ ತಿರುವುಮುರುವು. ಅದಕ್ಕೇ ಎದುರುಬದುರು ಕಾಂತಗಳನ್ನಿಟ್ಟು ಎರಡಕ್ಕೂ ಬಯಾಸ್ ಕರೆಂಟ್ ಹರಿಸಿ, ಒಂದರಲ್ಲಿ ಏರಿಸಿದಷ್ಟನ್ನು ಇನ್ನೊಂದರಲ್ಲಿ ಇಳಿಸುತ್ತಾರೆ. ಸೆನ್ಸರ್ ಸ್ಥಾನ ಓದುತ್ತದೆ, ಕಂಟ್ರೋಲರ್ ಸಾಮಾನ್ಯವಾಗಿ ಸೆಕೆಂಡಿಗೆ 10,000 ಬಾರಿಗೂ ಹೆಚ್ಚು ಲೆಕ್ಕ ಹಾಕಿ ಆಂಪ್ಲಿಫೈಯರಿಗೆ ಆಜ್ಞೆ ಕೊಡುತ್ತದೆ. ಸ್ಥಾನಕ್ಕೆ ತಕ್ಕ ಗೇನ್ ಬೇರಿಂಗಿನ ಗಡಸುತನ (ಸ್ಟಿಫ್‌ನೆಸ್), ಸ್ಥಾನ ಬದಲಾಗುವ ವೇಗಕ್ಕೆ ತಕ್ಕ ಗೇನ್ ಅದರ ಡ್ಯಾಂಪಿಂಗ್, ಅಂದರೆ ಕಂಪನ ತಗ್ಗಿಸುವ ಗುಣ.

ಡ್ಯಾಂಪಿಂಗ್ ಅಂದರೆ ಫೇಸ್ ಲೀಡ್: ಬೇರಿಂಗಿನ ಪ್ರತಿಕ್ರಿಯೆ ಕಂಪನಕ್ಕಿಂತ ಒಂದು ಹೆಜ್ಜೆ ಮುಂದಿರುವುದು. ಸೆನ್ಸರ್ ಫಿಲ್ಟರ್, ಲೆಕ್ಕದ ವಿಳಂಬ, ಕಾಯಿಲಿನ ಇಂಡಕ್ಟೆನ್ಸ್, ಮೂರೂ ಅದನ್ನು ತಿನ್ನುತ್ತವೆ. ಯಾವ ಫ್ರೀಕ್ವೆನ್ಸಿಯಲ್ಲಿ ಒಟ್ಟು ಫೇಸ್ ಲ್ಯಾಗ್ (ಹಿಂದೆ ಬೀಳುವ) ಕಡೆಗೆ ವಾಲುತ್ತದೋ, ಅಲ್ಲಿ ಬೇರಿಂಗ್ ಕಂಪನವನ್ನು ತಗ್ಗಿಸುವ ಬದಲು ಅದಕ್ಕೆ ಶಕ್ತಿ ತುಂಬುತ್ತದೆ. ರೋಟರಿನ ಬಾಗುವ ಕಂಪನ ಅಲ್ಲಿಗೇ ಬಂದು ಕೂತರೆ ನಿಮಗೆ ಕೇಳಿಸುತ್ತಿರುವ ಶಬ್ದ.

ನನ್ನ ಊಹೆ ಹೀಗೆ: ಹಳೆಯ ಹಬ್ ಇದ್ದಾಗ ಮೊದಲ ಬಾಗುವ ಕಂಪನ 230ಕ್ಕಿಂತ ಮೇಲಿತ್ತು, ಅದಕ್ಕೆ ಒಂದು ನಾಚ್ ಫಿಲ್ಟರ್ (ಒಂದು ಫ್ರೀಕ್ವೆನ್ಸಿಯ ಆಸುಪಾಸನ್ನು ಮಾತ್ರ ತಗ್ಗಿಸುವ ಫಿಲ್ಟರ್) ಹೊಂದಿಸಿದ್ದರು. ತುದಿಗೆ 6 ಕೆ.ಜಿ. ಸೇರಿದಾಗ ಕಂಪನ ಕೆಳಗಿಳಿಯಿತು, ನಾಚ್ ಅಲ್ಲೇ ಉಳಿಯಿತು. ನಾಚ್ ತನ್ನ ಕೇಂದ್ರಕ್ಕಿಂತ ಕೆಳಗೆ ಲ್ಯಾಗ್ ಕೊಡುತ್ತದೆ, ಮೇಲೆ ಲೀಡ್. ನಿಮ್ಮ ರೋಟರ್ ಈಗ ಲ್ಯಾಗ್ ಬದಿಯಲ್ಲಿದೆ. ಇನ್ನೊಂದು ಸಾಧ್ಯತೆಯೂ ಉಂಟು: ತುದಿ ಭಾರವಾದರೆ ಕಂಪನದ ನೋಡ್ (ಬಾಗುವಾಗಲೂ ಅಲುಗದ ಬಿಂದು) ಆ ತುದಿಯ ಕಡೆ ಸರಿಯುತ್ತದೆ. ಅದು ಸೆನ್ಸರಿಗೂ ಕಾಂತಕ್ಕೂ ನಡುವೆ ಬಿದ್ದರೆ ಸೆನ್ಸರ್ ಒಂದು ದಿಕ್ಕು ಹೇಳುತ್ತದೆ, ಕಾಂತದ ಕೆಳಗೆ ಶಾಫ್ಟ್ ವಿರುದ್ಧ ದಿಕ್ಕಿಗೆ ಹೋಗುತ್ತಿರುತ್ತದೆ.

ಹಳೆಯ ಹಬ್ ಇನ್ನೂ ಇದ್ದರೆ ಅದನ್ನೇ ಹಾಕಿ ಲೆವಿಟೇಟ್ ಮಾಡಿ. ಶಬ್ದ ಹೋದರೆ ಕಾರಣ ಸಿಕ್ಕಿತು. ಹೊಸದನ್ನೇ ಉಳಿಸಿಕೊಳ್ಳುವುದಾದರೆ ಅದರ ತೂಕ, ಗುರುತ್ವ ಕೇಂದ್ರ, ಜಡತ್ವವನ್ನು ತಯಾರಕರಿಗೆ ಕೊಟ್ಟು ನಾಚ್ ಮರುಹೊಂದಿಸಿ. ಬಳಿಕ ಪ್ರತಿ ಅಕ್ಷದಲ್ಲೂ ಸೈನ್ ಸ್ವೀಪ್ (ಫ್ರೀಕ್ವೆನ್ಸಿ ಏರುತ್ತಾ ಹೋಗುವ ಪರೀಕ್ಷಾ ಸಿಗ್ನಲ್) ಕೊಟ್ಟು ಸೆನ್ಸಿಟಿವಿಟಿ ಅಳೆಯಿರಿ. ಲೂಪ್ ಅಸ್ಥಿರತೆಗೆ ಎಷ್ಟು ಹತ್ತಿರವಿದೆ ಎಂದು ಅದು ಹೇಳುತ್ತದೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಐಎಸ್‌ಒ 14839-3ರ ಪ್ರಕಾರ ಗರಿಷ್ಠ ಮೌಲ್ಯ 3ಕ್ಕಿಂತ ಕಡಿಮೆ ಇದ್ದರೆ ಎ ವಲಯ, 4ರವರೆಗೆ ಬಿ, 5ರವರೆಗೆ ಸಿ, ಅದರಾಚೆ ಡಿ. ನಿಂತಾಗ ಅಳೆದರೆ ಮುಗಿಯಲಿಲ್ಲ. ವೇಗ ಏರಿದಂತೆ ಜೈರೋಸ್ಕೋಪಿಕ್ ಪರಿಣಾಮದಿಂದ ಒಂದೇ ಕಂಪನ ಎರಡಾಗಿ ಒಡೆಯುತ್ತದೆ, ಹಾಗಾಗಿ ನಾಲ್ಕೈದು ವೇಗದಲ್ಲಿ ನೋಡಬೇಕು.

ಗೇನ್ ಮಾತ್ರ ಇಳಿಸಬೇಡಿ. ಕಾಂತದ ಆ ತಿರುವುಮುರುವು ಸೆಳೆತಕ್ಕಿಂತ ಗಡಸುತನ ಕಡಿಮೆಯಾಯಿತೋ, ಶಾಫ್ಟ್ ಒಂದು ಬದಿಗೆ ಹೋಗಿ ಅಂಟಿಕೊಳ್ಳುತ್ತದೆ.

ಅಲೈನ್‌ಮೆಂಟ್_ಅಣ್ಣ:
ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಲ್ಯಾಪ್‌ಟಾಪ್ ಜೋಡಿಸುವ ಮೊದಲು ಯಾಂತ್ರಿಕ ಬದಿ ಮುಗಿಸಿಕೊಳ್ಳಿ.

ಕ್ಲಿಯರೆನ್ಸ್ ಚೆಕ್: ಕಾಂತಗಳಿಂದಲೇ ಶಾಫ್ಟನ್ನು ಟಚ್‌ಡೌನ್ ಬೇರಿಂಗಿಗೆ (ತೇಲದಿದ್ದಾಗ ಶಾಫ್ಟ್ ಕೂರುವ ರಕ್ಷಣಾ ಬೇರಿಂಗ್) ತಾಗುವಂತೆ ಸುತ್ತಲೂ ಎಳೆದು, ಸೆನ್ಸರ್ ರೀಡಿಂಗ್ ಬರೆದುಕೊಳ್ಳಿ. ಕಾಂತದ ಅಂತರ 0.5 ಮಿ.ಮೀ. ಇದ್ದರೆ ಟಚ್‌ಡೌನ್ ಅಂತರ ಸುಮಾರು ಅದರರ್ಧ, 0.25, ಆಗ 0.5 ಮಿ.ಮೀ. ವ್ಯಾಸದ ವೃತ್ತ ಬರಬೇಕು. ಮೊಟ್ಟೆಯಾಕಾರ ಬಂದರೆ ಒಳಗೆ ಕಸ, ಸವೆದ ಟಚ್‌ಡೌನ್ ಬೇರಿಂಗ್ ಅಥವಾ ಸೆನ್ಸರ್ ಕ್ಯಾಲಿಬ್ರೇಶನ್ ದೋಷ.

ಆಮೇಲೆ ಸ್ಥಿರ ಕರೆಂಟ್. ಕಾಂತಗಳನ್ನು 45 ಡಿಗ್ರಿ ಓರೆಯಾಗಿ ಕೂರಿಸಿರುವುದರಿಂದ ಮೇಲಿನ ಎರಡು ಭಾಗಗಳು ಭಾರ ಹಂಚಿಕೊಳ್ಳುತ್ತವೆ. ಒಂದೊಂದು ಬೇರಿಂಗಿಗೆ ಹತ್ತಿರತ್ತಿರ 1,960 ನ್ಯೂಟನ್ ಬಂದರೆ ಮೇಲಿನ ಒಂದೊಂದು ಕಾಂತ 1,390ರಷ್ಟು ಹೆಚ್ಚುವರಿ ಎಳೆಯಬೇಕು. ಎಡಬಲ ಕರೆಂಟ್ ಸಮ ಇಲ್ಲದಿದ್ದರೆ ಕಪ್ಲಿಂಗ್ ಪಕ್ಕಕ್ಕೆ ಎಳೆಯುತ್ತಿರಬಹುದು. ಎಣ್ಣೆ ಬೇರಿಂಗಿನವರು ಎಡವುವುದು ಇಲ್ಲೇ: ಲೆವಿಟೇಶನ್ ಆಫ್ ಇದ್ದಾಗ ಶಾಫ್ಟ್ 0.25 ಮಿ.ಮೀ. ಕೆಳಗೆ ಕೂತಿರುತ್ತದೆ. ಆ ಸ್ಥಿತಿಯಲ್ಲಿ ಲೇಸರ್ ಅಲೈನ್‌ಮೆಂಟ್ ಮಾಡಿದರೆ ಆ ವ್ಯತ್ಯಾಸ ಕಪ್ಲಿಂಗಿನ ತಲೆಗೆ ಬೀಳುತ್ತದೆ. ಲೆವಿಟೇಟ್ ಮಾಡಿಯೇ ಅಲೈನ್ ಮಾಡಿ, ಇಲ್ಲವೇ ಆ ಲೆಕ್ಕ ಸೇರಿಸಿ.

ಗ್ಯಾಸ್‌ಲೈನ್:
ಹಳೆಯ ಹಬ್ ಸ್ಟೋರಿನಲ್ಲಿದೆ, ಅದರಿಂದಲೇ ಶುರು ಮಾಡುತ್ತೇವೆ. ಇನ್ನೊಂದು ಕೇಳಬೇಕಿತ್ತು: ಓಡುತ್ತಿರುವಾಗ ಕರೆಂಟ್ ಹೋದರೆ ಶಾಫ್ಟ್ ನೇರ ಟಚ್‌ಡೌನ್ ಬೇರಿಂಗಿನ ಮೇಲೇ ಬೀಳುತ್ತದಾ?

ಲೂಪ್‌ಟ್ಯೂನರ್:
ಬೀಳಬಾರದು. ಯುಪಿಎಸ್ ಬ್ಯಾಟರಿ ಇರುವುದು ಅದಕ್ಕೇ. ಕೆಲವು ವಿನ್ಯಾಸಗಳಲ್ಲಿ ತಿರುಗುತ್ತಿರುವ ಮೋಟರೇ ಜನರೇಟರಾಗಿ ಬೇರಿಂಗಿಗೆ ಕರೆಂಟ್ ಕೊಡುತ್ತದೆ. ಕೋಸ್ಟ್‌ಡೌನ್ (ಶಾಫ್ಟ್ ನಿಧಾನವಾಗಿ ನಿಲ್ಲುವುದು) ಪೂರ್ತಿ ಮುಗಿಯುವವರೆಗೆ ಬ್ಯಾಟರಿ ಬರುತ್ತದೆಯೇ ಎಂದು ಲೋಡ್ ಹಾಕಿಯೇ ಪರೀಕ್ಷಿಸಿ. ಟಚ್‌ಡೌನ್ ಬೇರಿಂಗಿನ ಆಯಸ್ಸು ಲೆಕ್ಕವಿಟ್ಟ ಕೆಲವೇ ಬೀಳುವಿಕೆಗಳು. ಪೂರ್ಣ ವೇಗದಲ್ಲಿ ಒಮ್ಮೆ ಬಿದ್ದರೂ ಕ್ಲಿಯರೆನ್ಸ್ ಚೆಕ್ ಮಾಡದೆ ಮತ್ತೆ ಸ್ಟಾರ್ಟ್ ಕೊಡಬೇಡಿ.

ಇಂಟರ್‌ಲಾಕ್ ಕೂಡ ನೋಡಿ. ಮೋಟರ್ ಟ್ರಿಪ್ ಆದಾಗ ಲೆವಿಟೇಶನ್ ಟ್ರಿಪ್ ಆಗಕೂಡದು. ವೇಗ ಸೊನ್ನೆಯಾಗಿ, ಸಕ್ಷನ್ ಮತ್ತು ಡಿಸ್ಚಾರ್ಜ್ ವಾಲ್ವ್ ಮುಚ್ಚಿದ ಮೇಲೆಯೇ ಅದನ್ನು ಆಫ್ ಮಾಡಬೇಕು. ಚೆಕ್ ವಾಲ್ವ್ ಸೋರುತ್ತಿದ್ದರೆ ಹಿಂದಕ್ಕೆ ಹರಿಯುವ ಗ್ಯಾಸ್ ರೋಟರನ್ನು ಉಲ್ಟಾ ತಿರುಗಿಸುತ್ತದೆ, ಲೆವಿಟೇಶನ್ ಆಫ್ ಇದ್ದರೆ ಆಗ ಟಚ್‌ಡೌನ್ ಬೇರಿಂಗ್ ಯಾರಿಗೂ ಗೊತ್ತಾಗದಂತೆ ಸವೆಯುತ್ತಾ ಹೋಗುತ್ತದೆ.