ಫೋಕ್ಸ್‌ವ್ಯಾಗನ್ ಎಂಜಿನ್ನಿನ ಹೆಡ್ ನಟ್‌ಗಳು: ಸಡಿಲಿಸಿ ಬಿಗಿಯಬೇಕೋ, ಇದ್ದಹಾಗೇ ನೋಡಬೇಕೋ?

ಡೇಟನ್ ಹೊಸಬ:
ಹೋದ ವರ್ಷ ಒಂಟಿ ಆಸನದ, ಯಾರೋ ಮನೆಯಲ್ಲೇ ಕಟ್ಟಿದ ವಿಮಾನ ಕೊಂಡೆ. 1835 ಸಿಸಿಯ ಫೋಕ್ಸ್‌ವ್ಯಾಗನ್ ಎಂಜಿನ್, ಹೆಡ್ಡನ್ನು (ಸಿಲಿಂಡರಿನ ಮುಚ್ಚಳವನ್ನು) ಹಿಡಿದಿಡುವ ತಿರುಪಿನ ಕಂಬಿಗಳು, ಅಂದರೆ ಸ್ಟಡ್‌ಗಳು, 10 ಮಿ.ಮೀ. ಹೆಡ್ ಬಿಚ್ಚಿ ಮತ್ತೆ ಕೂರಿಸಿದ ಮೇಲೆ 25 ಗಂಟೆ ಹಾರಿದೆ. ನಿನ್ನೆ ಟಾರ್ಕ್ ರೆಂಚನ್ನು (ಇಟ್ಟಷ್ಟು ಬಿಗಿತಕ್ಕೆ ಬಂದಾಗ ಕ್ಲಿಕ್ ಎನ್ನುವ ಸ್ಪ್ಯಾನರ್) 23 ಅಡಿ-ಪೌಂಡಿಗೆ ಇಟ್ಟು ನೋಡಿದರೆ ಎಡಗಡೆಯ ಎಂಟರಲ್ಲಿ ಎರಡು ನಟ್ ಕ್ಲಿಕ್ ಆಗುವ ಮೊದಲೇ ಸ್ವಲ್ಪ ತಿರುಗಿದವು. ಎಲ್ಲವನ್ನೂ ಸಡಿಲಿಸಿ ಮತ್ತೆ ಬಿಗಿಯಲೇ? ಅನುಭವ ಇದ್ದವರು ಹೇಳಿ.

ಸುಟ್ಟ ಕೈ, ಟೆಕ್ಸಾಸ್:
ಕೈ ಮುಗಿಯುತ್ತೇನೆ, ನಾನು ಮಾಡಿದ್ದನ್ನು ಮಾಡಬೇಡಿ. ಒಂದು ಶನಿವಾರ ಹಾರಿ ಬಂದು, ಎಂಜಿನ್ ಇನ್ನೂ ಕಾದಿರುವಾಗಲೇ ಕೌಲಿಂಗ್ (ಎಂಜಿನ್ನಿನ ಹೊದಿಕೆ) ತೆಗೆದು, ನಟ್‌ಗಳನ್ನೆಲ್ಲ ಸಡಿಲಿಸಿ 23ಕ್ಕೆ ಬಿಗಿದೆ. ಅಲ್ಯೂಮಿನಿಯಂ ಹೆಡ್ ಬಿಸಿಗೆ ಉಕ್ಕಿನ ಸ್ಟಡ್‌ಗಿಂತ ಹೆಚ್ಚು ಹಿಗ್ಗುತ್ತದೆ. ಬಿಸಿಯಲ್ಲಿ 23 ಎಂದರೆ ತಣ್ಣಗಾದ ಮೇಲೆ ಅದಕ್ಕಿಂತ ಎಷ್ಟೋ ಕಡಿಮೆ. ನಾಲ್ಕು ಹಾರಾಟದಲ್ಲೇ ಸಿಲಿಂಡರ್ ಮತ್ತು ಹೆಡ್ಡಿನ ನಡುವೆ ಅನಿಲ ಸೋರಿ, ಕೂಡುವ ಅಂಚಿನಲ್ಲಿ ಇರುವೆ ಸಾಲಿನಂಥ ಕಪ್ಪು ಗೆರೆ. ಆಗಲಾದರೂ ಸುಮ್ಮನಿರಬೇಕಿತ್ತು. ‘ಇನ್ನೊಂದು ಸ್ವಲ್ಪ’ ಎಂದು 28ಕ್ಕೆ ಇಟ್ಟೆ. ಮೂರನೇ ನಟ್ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಕ್ಲಿಕ್ ಬರಲೇ ಇಲ್ಲ. ಸ್ಟಡ್ ಹೊರಗೆ ಬಂದಾಗ ಅದರ ತಿರುಪಿಗೆ ಎಂಜಿನ್ನಿನ ಮೆಗ್ನೀಸಿಯಂ ಒಡಲಿನ, ಅಂದರೆ ಕೇಸಿನ, ಎಳೆ ಬೆಳ್ಳಿಯ ಸುರುಳಿಯಂತೆ ಸುತ್ತಿಕೊಂಡಿತ್ತು.

ಲೆಕ್ಕ ಕೇಳಿ. ಕೇಸ್ ಬಿಚ್ಚಿ 16 ತೂತಿಗೂ ಉಕ್ಕಿನ ಇನ್‌ಸರ್ಟ್ (ಒಳಗೆ ತಿರುಪಿರುವ ಕೊಳವೆ) ಹಾಕಿಸಲು 640 ಡಾಲರ್. ಕಳಿಸಿ ತರಿಸಲು 212. ರಿಂಗ್, ಗ್ಯಾಸ್ಕೆಟ್ 185. ಕೇಸ್ ಬಿಚ್ಚಿದ ಮೇಲೆ ಹಳೆಯ ಬೇರಿಂಗ್ ಯಾರು ಹಾಕುತ್ತಾರೆ, ಅದಕ್ಕೆ 310. ಹಾರದೆ ನಿಂತ ಏಳು ತಿಂಗಳು ಹ್ಯಾಂಗರ್ ಬಾಡಿಗೆ, ತಿಂಗಳಿಗೆ 190. ಒಟ್ಟು 2677. ವಿಮೆ ಬೇರೆ. ಹೆಂಡತಿಗೆ ಹೇಳಿದ್ದು 900.

ಜಕ್ಕೂರಿನ ಹಳೆಯ ಕೈ:
ನಿಮ್ಮದೆಲ್ಲ ಕಾರಿನ ಎಂಜಿನ್, ಅದಕ್ಕೇ ಈ ಗೋಳು. ನಾನು ಎಚ್‌ಎಎಲ್ ಪುಷ್ಪಕ್ ವಿಮಾನಗಳ ಮೇಲೆ ಕೆಲಸ ಕಲಿತವನು. ಕಾಂಟಿನೆಂಟಲ್ ಸಿ-90, ತೊಂಬತ್ತು ಅಶ್ವಶಕ್ತಿ. ಅದರ ಹೆಡ್ಡಿಗೆ ಬೋಲ್ಟೇ ಇಲ್ಲ! ಹೆಡ್ಡನ್ನು ಕಾಯಿಸಿ ಬ್ಯಾರೆಲ್ಲಿನ (ಸಿಲಿಂಡರಿನ ಕೊಳವೆಯ) ಮೇಲೆ ತಿರುಪಿನಂತೆ ಕೂರಿಸಿರುತ್ತಾರೆ, ತಣ್ಣಗಾದರೆ ಎರಡೂ ಒಂದೇ ಜೀವ. ನಾವು ನೋಡುತ್ತಿದ್ದದ್ದು ಸಿಲಿಂಡರ್ ಬುಡದ ನಟ್‌ಗಳನ್ನು. ಲೈಕಮಿಂಗ್ ವಿಮಾನ ಎಂಜಿನ್ನಿನಲ್ಲೂ ಅಷ್ಟೇ: ಅರ್ಧ ಇಂಚಿನ ಸ್ಟಡ್‌ಗೆ 50 ಅಡಿ-ಪೌಂಡ್, ಮೂರೆಂಟಾಂಶ ಇಂಚಿನದಕ್ಕೆ 25. ಕೆಲಸ ಮುಗಿದ ಮೇಲೆ ರೆಂಚನ್ನು ಕನಿಷ್ಠಕ್ಕೆ ಇಳಿಸದೆ ಪೆಟ್ಟಿಗೆಗೆ ಹಾಕಿದ ಹುಡುಗನಿಗೆ ಅಂದು ಚಹಾ ಇಲ್ಲ.

ಸುಟ್ಟ ಕೈ, ಟೆಕ್ಸಾಸ್:
ಯಜಮಾನರೇ, ಅವರು ಕೇಳಿದ್ದು ಫೋಕ್ಸ್‌ವ್ಯಾಗನ್ ಬಗ್ಗೆ. ಇಲ್ಲದ ಬೋಲ್ಟಿನ ಪುರಾಣ ಯಾರಿಗೆ ಬೇಕು?

ಜಕ್ಕೂರಿನ ಹಳೆಯ ಕೈ:
ಬಿಸಿ ಎಂಜಿನ್ನಿಗೆ ಸ್ಪ್ಯಾನರ್ ಹಾಕಿದವರಿಂದ ನಾನು ಪಾಠ ಕಲಿಯಬೇಕೇ, ತಮ್ಮಾ?

ಕೆಂಟ್ ಕನ್ನಡತಿ:
ಜಗಳ ಆಮೇಲೆ. ನಾನು ಒಂಬತ್ತು ವರ್ಷದಿಂದ ಇದೇ ಎಂಜಿನ್ ಹಾರಿಸುತ್ತಿದ್ದೇನೆ, ಒಂದು ಸ್ಟಡ್ಡೂ ಕಿತ್ತಿಲ್ಲ. ಯಾಕೆಂದರೆ ನೋಡುವ ದಿನ ಎಂಜಿನ್ ರಾತ್ರಿಯಿಡೀ ತಣಿದಿರುತ್ತದೆ. ರಾಕರ್ (ಕವಾಟ ಒತ್ತುವ ಸನ್ನೆ) ಬಿಚ್ಚುತ್ತೇನೆ, ಬಿಚ್ಚದೆ ಸಂದಿಯಲ್ಲಿ ಸ್ಪ್ಯಾನರ್ ತೂರಿಸುವವರನ್ನು ಕಂಡರೆ ನನಗೆ ಆಗದು. ಒಂದೊಂದೇ ನಟ್ಟನ್ನು ಕಾಲು ಸುತ್ತು ಹಿಂದಕ್ಕೆ ತಂದು, ನಿಲ್ಲಿಸದೆ ಒಂದೇ ಎಳೆತದಲ್ಲಿ 23ಕ್ಕೆ. ಕಚ್ಚಿಕೊಂಡ ನಟ್ ಸುಳ್ಳು ಕ್ಲಿಕ್ ಕೊಡುತ್ತದೆ, ಹಾಗಾಗಿ ಹಿಂದಕ್ಕೆ ತರಲೇಬೇಕು. ಆಮೇಲೆ ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ಕವಾಟದ ನಡುವಿನ ಸಂದು) 0.15 ಮಿ.ಮೀ.

ನಾನೂ ಒಮ್ಮೆ ಎಡವಿದ್ದೇನೆ. ತಂಪು ಗಾಳಿ ತಿರುಗಿಸುವ ಬ್ಯಾಫಲ್ ತಗಡಿನ ಪಕ್ಕದ ನಟ್ಟಿಗೆ ಸಾಕೆಟ್ ಹೋಗದು ಎಂದು 40 ಸೆಂ.ಮೀ. ರೆಂಚಿನ ತುದಿಗೆ ನೇರವಾಗಿ 5 ಸೆಂ.ಮೀ. ಕಾಗೆಕಾಲು (ರೆಂಚಿನ ತುದಿಗೆ ಸಿಕ್ಕಿಸುವ ತೆರೆದ ಬಾಯಿಯ ಸ್ಪ್ಯಾನರ್ ತುಂಡು) ಸಿಕ್ಕಿಸಿದೆ. ರೆಂಚು 23 ಎಂದಿತು, ನಟ್ಟಿಗೆ ಬಿದ್ದದ್ದು ಸುಮಾರು 26. ಅದನ್ನೇ ಅಡ್ಡಲಾಗಿ, 90 ಡಿಗ್ರಿಯಲ್ಲಿ ಸಿಕ್ಕಿಸಿದ್ದರೆ ಲೆಕ್ಕವೇ ಬೇಡ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಸುಟ್ಟ ಕೈ, ಟೆಕ್ಸಾಸ್:
ತಿರುಪಿಗೆ ಎಣ್ಣೆ ಹಚ್ಚುತ್ತೀರೋ ಇಲ್ಲವೋ? ಅದನ್ನು ಹೇಳದೆ 23 ಎಂದರೆ ಏನರ್ಥ? ಎಣ್ಣೆ ಇದ್ದರೆ ಉಜ್ಜಾಟ ಕಡಿಮೆ, ಅದೇ 23ಕ್ಕೆ ಸ್ಟಡ್ ಇನ್ನೂ ಹೆಚ್ಚು ಎಳೆತಕ್ಕೆ ಸಿಗುತ್ತದೆ.

ಕೆಂಟ್ ಕನ್ನಡತಿ:
ನಿಮ್ಮ ಸ್ಟಡ್ ಕಿತ್ತದ್ದು ಎಣ್ಣೆಯಿಂದಲ್ಲ, 28ರಿಂದ. ಎಂಜಿನ್ನಿನ ಜೊತೆ ಬಂದ ಕೈಪಿಡಿ ಏನು ಹೇಳುತ್ತದೋ ಅದನ್ನೇ ಮಾಡುತ್ತೇನೆ, ಅದರಾಚೆ ನನ್ನ ಬುದ್ಧಿ ಓಡಿಸುವುದಿಲ್ಲ.

ಸುಟ್ಟ ಕೈ, ಟೆಕ್ಸಾಸ್:
ಒಂಬತ್ತು ವರ್ಷದಲ್ಲಿ ಎಷ್ಟು ಗಂಟೆ ಹಾರಿಸಿದ್ದೀರಿ? ಇಂಗ್ಲೆಂಡಿನ ಮಳೆಯಲ್ಲಿ?

ಕೆಂಟ್ ಕನ್ನಡತಿ:
310. ಹ್ಯಾಂಗರಿನಲ್ಲಿ ಏಳು ತಿಂಗಳು ಕಳೆಯಲಿಲ್ಲವಲ್ಲ, ಹಾರುವುದಕ್ಕೆ ಸಮಯ ಸಿಕ್ಕಿತು.

ಡೇಟನ್ ಹೊಸಬ:
ದಯವಿಟ್ಟು ಬೈದಾಡಬೇಡಿ. ನನ್ನದು ಎಂಟು ಮಿಲಿಮೀಟರ್ ಸ್ಟಡ್ ಎಂದು ಈಗ ಗೊತ್ತಾಯಿತು. ಮೊದಲು ತಪ್ಪಾಗಿ ಬರೆದೆ. ಹಿಂದಿನ ಮಾಲೀಕರು ಬದಲಿಸಿದ್ದರಂತೆ.

ಕೆಂಟ್ ಕನ್ನಡತಿ:
ಅಯ್ಯೋ! ಎಂಟಕ್ಕೆ 18, 23 ಅಲ್ಲ! ನಿನ್ನೆ 23ಕ್ಕೆ ಎಳೆದಿರಲ್ಲ? ಆ ಎಂಟೂ ನಟ್ ಬಿಚ್ಚಿ ಸ್ಟಡ್ ಉದ್ದ ಅಳೆಯಿರಿ, ಹಿಗ್ಗಿದ್ದನ್ನು ಎಸೆಯಿರಿ. ಅಲ್ಲಿಯವರೆಗೆ ಪ್ರೊಪೆಲರ್ ಮುಟ್ಟಬೇಡಿ.

ಸುಟ್ಟ ಕೈ, ಟೆಕ್ಸಾಸ್:
ಎಸೆಯುವ ಮೊದಲು ನನ್ನನ್ನು ಕೇಳಿ. ಹ್ಯಾಂಗರಿನಲ್ಲಿ ಎಂಟು ಮಿ.ಮೀ.ನ ನಾಲ್ಕು ಸ್ಟಡ್ ಬಿದ್ದಿವೆ. 35 ಡಾಲರ್, ಅಂಚೆ ನಿಮ್ಮದು.

ಜಕ್ಕೂರಿನ ಹಳೆಯ ಕೈ:
ಹೊಸದು ಕೊಳ್ಳಿ, ತಮ್ಮಾ. ಇವರ ಹ್ಯಾಂಗರಿನಲ್ಲಿ ಬಿದ್ದದ್ದು ಯಾಕೆ ಬಿತ್ತು ಎಂದು ಮೊದಲು ಕೇಳಿ.