ಚಾಕಣ್‌ನಲ್ಲಿ ಕ್ವಾಲಿಟಿ ಇಂಜಿನಿಯರ್ ಇಂಟರ್‌ವ್ಯೂ: ಕೊನೆಗೆ ನಾವು ಏನು ಕೇಳಬೇಕು?

ಇಂಡಿ_ಹುಡುಗ
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಡಿಪ್ಲೊಮಾ, ಬೆಳಗಾವಿ ಉದ್ಯಮಬಾಗ್‌ನಲ್ಲಿ ಮೂರು ವರ್ಷ ಇನ್‌ಸ್ಪೆಕ್ಷನ್ ಕೆಲಸ. ಬರುವ ಬುಧವಾರ ಪುಣೆ ಹತ್ತಿರದ ಚಾಕಣ್‌ನ ಒಂದು ವಾಹನ ಬಿಡಿಭಾಗ ಕಂಪನಿಯಲ್ಲಿ ಇಂಟರ್‌ವ್ಯೂ. ಮೊದಲು ಕ್ವಾಲಿಟಿ ಹೆಡ್, ಆಮೇಲೆ ಎಚ್‌ಆರ್. "ನಿಮ್ಮ ಕಡೆಯಿಂದ ಏನಾದರೂ ಕೇಳೋದಿದೆಯಾ?" ಅಂದಾಗ "ಇಲ್ಲ ಸರ್" ಅಂದು ಎದ್ದು ಬರೋಕೆ ಇಷ್ಟ ಇಲ್ಲ. ಸಿಟಿಸಿ (ಕಂಪನಿ ನಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 4.8 ಲಕ್ಷ ಅಂತ ಫೋನಿನಲ್ಲಿ ಹೇಳಿದ್ದಾರೆ. ಯಾರ ಹತ್ತಿರ ಏನು ಕೇಳಬೇಕು? ಮರಾಠಿ ಅರ್ಥ ಆಗುತ್ತೆ, ಮಾತಾಡೋದು ಅಷ್ಟಕ್ಕಷ್ಟೆ.

ಗೇಜ್_ರೂಮ್
ಕ್ವಾಲಿಟಿ ಹೆಡ್ ಹತ್ತಿರ ಕೆಲಸದ ಬಗ್ಗೆ ಮಾತ್ರ ಕೇಳಿ. ಸಂಬಳ, ರಜೆ ಎಚ್‌ಆರ್‌ಗೆ ಇಟ್ಟುಕೊಳ್ಳಿ. "ಕೆಲಸದ ವಾತಾವರಣ ಹೇಗಿದೆ?" ಅಂದರೆ "ಚೆನ್ನಾಗಿದೆ" ಅನ್ನೋದು ಬಿಟ್ಟು ಬೇರೇನೂ ಬರಲ್ಲ. ಒಂದು ಅಂಕಿಯನ್ನೋ ಒಬ್ಬರ ಹೆಸರನ್ನೋ ಹೇಳಲೇಬೇಕಾದಂಥ ಪ್ರಶ್ನೆ ಹಾಕಿ.

ಈ ಹುದ್ದೆ ಹೊಸದಾ, ಬಿಟ್ಟು ಹೋದವರ ಜಾಗವಾ? ಬಿಟ್ಟವರು ಎಷ್ಟು ದಿನ ಇದ್ದರು? ಎರಡು ವರ್ಷದಲ್ಲಿ ಅದೇ ಕುರ್ಚಿಗೆ ನೀವು ಮೂರನೆಯವರಾದರೆ, ಯಾಕೆ ನಿಲ್ಲಲಿಲ್ಲ ಅಂತ ಬಿಡಿಸಿ ಕೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ರಾತ್ರಿ ಪಾಳಿಯಲ್ಲಿ ಒಂದು ಲಾಟ್ (ಒಟ್ಟಿಗೆ ತಯಾರಾದ ಪಾರ್ಟ್‌ಗಳು) ಅಳತೆ ಮೀರಿ ಬಂತು, ಬೆಳಿಗ್ಗೆ 6ಕ್ಕೆ ಗಾಡಿ ಹೊರಡಬೇಕು. ಡಿಸ್ಪ್ಯಾಚ್ ತಡೆಯುವ ಅಧಿಕಾರ ಯಾರದ್ದು? "ಪಾಳಿಯ ಇಂಜಿನಿಯರ್ ಹೋಲ್ಡ್ ಟ್ಯಾಗ್ ಹಾಕಬಹುದು, ತೆಗೆಯೋದು ನಾನು ಮಾತ್ರ" ಅಂದರೆ ವ್ಯವಸ್ಥೆ ಇದೆ. "ಪ್ರೊಡಕ್ಷನ್‌ನವರ ಜೊತೆ ಮಾತಾಡಿ ಬಗೆಹರಿಸಿಕೊಳ್ಳಬೇಕು" ಅಂದರೆ ಹುಷಾರು. ತಡೆದರೆ ಪ್ರೊಡಕ್ಷನ್‌ನವರ ಬೈಗುಳ, ಬಿಟ್ಟರೆ ಗ್ರಾಹಕರ ಕಂಪ್ಲೇಂಟ್. ಎರಡೂ ನಿಮ್ಮ ತಲೆಗೇ ಬರುತ್ತೆ.

ಗ್ರಾಹಕರ ಲೈನಿನಲ್ಲಿ ರಿಜೆಕ್ಷನ್ ಬಂದರೆ ಸಾರ್ಟಿಂಗ್‌ಗೆ ಯಾರು ಹೋಗ್ತಾರೆ, ತಿಂಗಳಿಗೆ ಎಷ್ಟು ಸಲ, ಓಡಾಟದ ಖರ್ಚು ಯಾರದ್ದು ಅಂತಲೂ ಕೇಳಿ. ಹೆಸರಿಗೆ ಕ್ವಾಲಿಟಿ ಇಂಜಿನಿಯರ್, ಮಾಡೋದು ದಿನವಿಡೀ ಬೇರೆಯವರ ಪ್ಲಾಂಟಿನಲ್ಲಿ ಪಾರ್ಟ್ ಆರಿಸುವ ಕೆಲಸ, ಹೀಗೂ ಆಗೋದುಂಟು. 8ಡಿ ರಿಪೋರ್ಟ್ (ದೂರಿಗೆ ಕಾರಣ ಹುಡುಕಿ ಸರಿಪಡಿಸಿದ್ದರ ವರದಿ), ಪಿಪಿಎಪಿ ಫೈಲು (ಪಾರ್ಟ್‌ಗೆ ಗ್ರಾಹಕರ ಒಪ್ಪಿಗೆ ಪಡೆಯುವ ದಾಖಲೆ) ನೀವೇ ಮಾಡಬೇಕಾ ಅಂತ ತಿಳಿದುಕೊಳ್ಳಿ. ಮುಂದಿನ ಕಂಪನಿಯವರು ಬೆಲೆ ಕೊಡೋದು ಆ ಅನುಭವಕ್ಕೆ.

ಶಾಪ್‌ಫ್ಲೋರ್ ಒಮ್ಮೆ ನೋಡಬಹುದಾ ಅಂತ ಕೇಳಿ, 10 ನಿಮಿಷ ಸಾಕು. ಕೆಂಪು ರಿಜೆಕ್ಷನ್ ಬಿನ್‌ಗೆ ಬೀಗ ಇದೆಯಾ, ಒಳಗಿನ ಪಾರ್ಟ್‌ಗಳಿಗೆ ಟ್ಯಾಗ್ ಇದೆಯಾ ನೋಡಿ. ಗೇಜ್ (ಅಳೆಯುವ ಸಾಧನ) ಮೇಲಿನ ಕ್ಯಾಲಿಬ್ರೇಷನ್ (ಅದರ ನಿಖರತೆಯ ತಪಾಸಣೆ) ಸ್ಟಿಕ್ಕರ್‌ನ ತಾರೀಖು ದಾಟಿದ್ದರೆ, ಆಡಿಟ್ ಬಂದಾಗ ರಾತ್ರಿ ಕೂತು ಹಳೇ ಕಾಗದ ತುಂಬಿಸೋದು ನಿಮ್ಮ ಪಾಲಿಗೇ ಬೀಳಬಹುದು.

ಪೇರೋಲ್_ಪುಣೆ
4.8 ಲಕ್ಷ ಅಂದರೆ ತಿಂಗಳಿಗೆ 40,000 ಅಂತ ಲೆಕ್ಕ ಹಾಕಿ ಮನೆ ಬಾಡಿಗೆ ಮಾತಾಡಬೇಡಿ. ಬೇಸಿಕ್ 20,000, ವೇರಿಯಬಲ್ (ಕೆಲಸ ನೋಡಿ ಕೊಡುವ, ಖಚಿತವಲ್ಲದ ಭಾಗ) ಶೇ. 10 ಅಂತ ಇಟ್ಟುಕೊಳ್ಳೋಣ. 40,000ದಲ್ಲಿ ವೇರಿಯಬಲ್ 4,000, ಕಂಪನಿಯ ಪಾಲಿನ ಪಿಎಫ್ 2,400, ಗ್ರಾಚುಟಿ ಬೇಸಿಕ್‌ನ ಶೇ. 4.81ರಂತೆ 962 ಹೋಯಿತು. ಉಳಿದದ್ದು 32,638, ಇದೇ ಗ್ರಾಸ್. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 2,400, ಮಹಾರಾಷ್ಟ್ರದ ವೃತ್ತಿ ತೆರಿಗೆ 200 (ಫೆಬ್ರುವರಿಯಲ್ಲಿ 300) ಕಳೆದರೆ ಕೈಗೆ 30,038. ಪಿಎಫ್ ಅನ್ನು 15,000 ಮಿತಿಗೆ ಮಾತ್ರ ಕಟ್ಟುವ ಕಂಪನಿಯಾದರೆ ಎರಡೂ ಕಡೆ 1,800. ಆಗ ಕೈಗೆ 31,238. ಇನ್ಶೂರೆನ್ಸ್ ಪ್ರೀಮಿಯಂ, ಬಸ್, ಕ್ಯಾಂಟೀನ್ ಹಣವೂ ಇದರಲ್ಲೇ ಸೇರಿದ್ದರೆ ಇನ್ನೂ ಇಳಿಯುತ್ತೆ.

ಹಾಗಾಗಿ ಎಚ್‌ಆರ್‌ಗೆ ಹೀಗೆ ಕೇಳಿ: "ಸಿಟಿಸಿಯ ಬ್ರೇಕಪ್ ಶೀಟ್ ಕೊಡ್ತೀರಾ? ಹೋದ ವರ್ಷ ಈ ಗ್ರೇಡಿಗೆ ವೇರಿಯಬಲ್ ಶೇಕಡಾ ಎಷ್ಟು ಸಿಕ್ಕಿತು?" ಎರಡನೆಯದಕ್ಕೆ "ಪರ್ಫಾರ್ಮೆನ್ಸ್ ಮೇಲೆ" ಅಂತಷ್ಟೇ ಹೇಳಿದರೆ ವೇರಿಯಬಲ್ ಸೊನ್ನೆ ಅಂತಲೇ ಹಿಡಿದು ತೀರ್ಮಾನ ಮಾಡಿ.

ನೋಟಿಸ್ ಎಷ್ಟು ದಿನ, ಎರಡೂ ಕಡೆಗೆ ಒಂದೇನಾ? ಹಣ ಕಟ್ಟಿ ಬೇಗ ಬಿಡುವುದಾದರೆ ಲೆಕ್ಕ ಬೇಸಿಕ್ ಮೇಲಾ, ಗ್ರಾಸ್ ಮೇಲಾ? ಮೇಲಿನ ಲೆಕ್ಕದಲ್ಲಿ 90 ದಿನಕ್ಕೆ ಬೇಸಿಕ್ ಆದರೆ 60,000, ಗ್ರಾಸ್ ಆದರೆ 97,914. ಇದನ್ನು ಸೇರುವಾಗ ಕೇಳುವವರು ಕಡಿಮೆ, ಬಿಡುವಾಗ ಒದ್ದಾಡುವವರು ಬಹಳ.

ಭೋಸರಿ_ಧಾರವಾಡ
ತಮ್ಮಾ, ವಾರದ ರಜಾ ಯಾವತ್ತ ಅಂತ ಮರೀದ ಕೇಳು. ಭೋಸರಿ, ಪಿಂಪರಿ ಕಡೆ ಭಾಳ ಫ್ಯಾಕ್ಟರಿಗೆ ರವಿವಾರ ಅಲ್ಲ, ಗುರುವಾರ ಸೂಟಿ. ಊರಿಗೆ ಹೋಗಿ ಬರೋ ಲೆಕ್ಕನೇ ಬದಲಾಗತದ. ಪಾಳಿ ವಾರಕ್ಕೊಮ್ಮೆ ತಿರುಗತದೋ ಹದಿನೈದು ದಿನಕ್ಕೊಮ್ಮೆಯೋ ಕೇಳು. ಕಂಪನಿ ಬಸ್ ಎಲ್ಲಿಂದ ಎಲ್ಲೀಗೆ, ಮೂರೂ ಪಾಳಿಗೆ ಐತೋ ಇಲ್ಲೋ ಕೇಳು. ಚಾಕಣ್ ರೋಡಿನಾಗ ಟ್ರಾಫಿಕ್ ಜಾಮ್ ಆದ್ರ ತಾಸುಗಟ್ಟಲೆ ಹೋಗತದ, ರೂಮ್ ಹಿಡಿಯೋದು ಬಸ್ ಸ್ಟಾಪ್ ನೋಡೇ.

ಭಾಷಾದ ಬಗ್ಗೆ ಅಂಜಬ್ಯಾಡ. ಮುಂಜಾನೆ ಮೀಟಿಂಗ್ ಯಾವ ಭಾಷಾದಾಗ, ವರ್ಕ್ ಇನ್‌ಸ್ಟ್ರಕ್ಷನ್ ಯಾವ ಭಾಷಾದಾಗ ಹಚ್ಚಿರ್ತಾರ ಅಂತ ನೀನೇ ಕೇಳು. ಆಪರೇಟರ್‌ಗೆ ತಿಳಿಸಿ ಹೇಳೋ ಕೆಲಸ ನಿಂದು, ಕೇಳಿದ್ರ ತಪ್ಪು ತಿಳ್ಕೊಳ್ಳೂದಿಲ್ಲ.

ಇಂಡಿ_ಹುಡುಗ
ಅಣ್ಣಾ, ಸರ್, ತುಂಬಾ ಉಪಕಾರ ಆಯ್ತು. ಇನ್ನೆರಡು: ಮೊದಲ ಆರು ತಿಂಗಳು "ಟ್ರೇನಿ" ಅಂದರೆ? ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ತೀವಿ ಅಂದರೆ?

ಪೇರೋಲ್_ಪುಣೆ
ಟ್ರೇನಿ ಅಂದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿಯಾ, ಪ್ರೊಬೇಷನ್ನಾ (ಕಾಯಂ ಮಾಡುವ ಮುಂಚಿನ ಪರೀಕ್ಷಾ ಅವಧಿ) ಅಂತ ನೇರವಾಗಿ ಕೇಳಿ. ಅಪ್ರೆಂಟಿಸ್‌ಗೆ ಸಿಗೋದು ಸ್ಟೈಪೆಂಡ್, ಪಿಎಫ್ ಇಲ್ಲ. ಮೂರು ವರ್ಷ ಅನುಭವ ಇರುವ ನೀವು ಒಪ್ಪಬೇಕಾಗಿಲ್ಲ. ಪ್ರೊಬೇಷನ್ ಆದರೆ ಪಿಎಫ್ ಮೊದಲ ತಿಂಗಳಿಂದಲೇ. ಆಫರ್ ಲೆಟರ್ ಯಾರ ಲೆಟರ್‌ಹೆಡ್‌ನಲ್ಲಿ ಬರುತ್ತೆ ಅಂತಲೂ ಕೇಳಿ. ಗೇಟಿನ ಮೇಲೆ ಒಂದು ಹೆಸರು, ಪತ್ರದಲ್ಲಿ ಇನ್ನೊಂದು ಹೆಸರಿದ್ದರೆ ನೀವು ಕಾಂಟ್ರಾಕ್ಟರ್‌ನ ಪೇರೋಲ್‌ನಲ್ಲಿ ಇರಬಹುದು.

ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು ವಾಪಸ್ ಜೇಬಿಗೆ ಹಾಕಿಕೊಳ್ಳಿ. ಕೊಡಲೇಬೇಕು ಅಂದರೆ ಆ ಕೆಲಸ ಬಿಡಿ. ಬಾಂಡ್ (ಇಷ್ಟು ಕಾಲ ಬಿಡಲ್ಲ, ಬಿಟ್ಟರೆ ಹಣ ಕಟ್ಟುವೆ ಅನ್ನೋ ಕರಾರು) ಇದ್ದರೆ ಸಹಿಗೆ ಮೊದಲು ಓದಲು ಪ್ರತಿ ಕೇಳಿ; ಮೊತ್ತ ಎಷ್ಟು, ತಿಂಗಳು ಕಳೆದಂತೆ ಇಳಿಯುತ್ತಾ ಅಂತ ನೋಡಿ.

ಆಯ್ಕೆ ಆಯ್ತು ಅಂದ ಮೇಲೆ ಒಂದು ಮೇಲ್ ಹಾಕಿ: "ಮಾತುಕತೆಯ ಪ್ರಕಾರ ಹುದ್ದೆ, ಸಿಟಿಸಿ ಬ್ರೇಕಪ್, ಪಾಳಿ, ನೋಟಿಸ್ ಅವಧಿ ಇವು; ದಯವಿಟ್ಟು ಖಚಿತಪಡಿಸಿ." ಅದಕ್ಕೆ ಉತ್ತರ, ಜೊತೆಗೆ ಆಫರ್ ಲೆಟರ್ ಕೈಗೆ ಬರೋವರೆಗೆ ಉದ್ಯಮಬಾಗ್‌ನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.