ನಾಯಿಯ 'ಹೊಟ್ಟೆ ಕಟ್ಟಿದೆ' ಅಂದರೆ ಸಾಕೇ?

ನಾಯಿ ಸಾಕಿದವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚೆಂಡು, ಮೂಳೆ, ಕಾಲುಚೀಲ ನುಂಗಿ ನಾಯಿಯ ಕರುಳು ಮುಚ್ಚಿಹೋಗುತ್ತದಲ್ಲ, ಆ ಅಧ್ಯಾಯದಲ್ಲಿ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು 'ಮಲಬದ್ಧತೆ' ಎಂದು ಬರೆದು ಹೊಡೆದುಹಾಕಿದೆ. ಅದು ಮಲ ಗಟ್ಟಿಯಾಗುವ ತೊಂದರೆ, ಇದು ದಾರಿಯೇ ಮುಚ್ಚಿದ ಸ್ಥಿತಿ. 'ಹೊಟ್ಟೆ ಕಟ್ಟಿದೆ' ಅಂದರೂ ಓದುವವರು ಹರಳೆಣ್ಣೆ ಹುಡುಕುತ್ತಾರೆ. ಕರುಳು ಮುಚ್ಚಿರುವಾಗ ಭೇದಿಯ ಔಷಧಿ ಕೊಡುವುದು ಅಪಾಯ. ಇಲ್ಲಿ ಮುಖ್ಯ ಲಕ್ಷಣ ಪದೇ ಪದೇ ಆಗುವ ವಾಂತಿ. ತಡೆಯ ಆಚೆಗೆ ಉಳಿದಿದ್ದ ಮಲ ಹೊರಬರುತ್ತಲೂ ಇರಬಹುದು. 'ಅಡಚಣೆ' ಅರ್ಥಕ್ಕೆ ಸರಿ, ಆದರೆ ಓದಿದ ಕೂಡಲೇ 'ಅಡಚಣೆಗಾಗಿ ಕ್ಷಮಿಸಿ' ಬೋರ್ಡು ನೆನಪಾಗುತ್ತದೆ! ಸದ್ಯಕ್ಕೆ 'ಕರುಳುತಡೆ' ಅಂತ ಇಟ್ಟುಕೊಂಡಿದ್ದೇನೆ.

ಒಂದು ಕಡೆ ಮಾತ್ರ ಪದ ತಾನಾಗಿ ಬಂತು. ನಾಯಿ ದಾರ ನುಂಗಿದಾಗ ಅದರ ಒಂದು ತುದಿ ಮೇಲೆಲ್ಲೋ ಸಿಕ್ಕಿಕೊಂಡರೆ, ಲಾಡಿ ಎಳೆದ ಹಾಗೆ ಕರುಳೆಲ್ಲ ಮುದುಡಿ ಒಟ್ಟಾಗುತ್ತದೆ. ದಾರ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಈ ಮುದುಡು ನೋಡಿಯೇ ಡಾಕ್ಟರು ಅನುಮಾನಪಡುತ್ತಾರೆ. ಇದಕ್ಕೆ 'ನೆರಿಗೆ' ಸಾಕು, ಅಲ್ವಾ?

ಇನ್ನು ಆಪರೇಷನ್. 'ಕರುಳು ಕತ್ತರಿಸಿದರು' ಎಂದರೆ ಎರಡು ಅರ್ಥವಾಗುತ್ತದೆ. ಕರುಳು ಚೆನ್ನಾಗಿದ್ದರೆ, ವಸ್ತು ಇರುವ ಜಾಗದಿಂದ ಸ್ವಲ್ಪ ಕೆಳಗೆ ಉದ್ದಕ್ಕೆ ಕೊಯ್ದು, ಅದನ್ನು ಹೊರತೆಗೆದು ಹೊಲಿಯುತ್ತಾರೆ. ಕರುಳು ಕಪ್ಪಾಗಿ ಸತ್ತಿದ್ದರೆ ಆ ತುಂಡನ್ನೇ ಅಡ್ಡಕ್ಕೆ ಕೊಯ್ದು ತೆಗೆಯುತ್ತಾರೆ. ಕಟ್ಟಿಗೆಯನ್ನು ಸೀಳುವುದು ಉದ್ದಕ್ಕೆ, ತುಂಡರಿಸುವುದು ಅಡ್ಡಕ್ಕೆ. ಹಾಗಾಗಿ ಮೊದಲನೆಯದಕ್ಕೆ 'ಕರುಳುಸೀಳು', ಎರಡನೆಯದಕ್ಕೆ 'ಕರುಳುತುಂಡು' ಅಂದುಕೊಂಡೆ. ಎರಡನೆಯದು ಯಾಕೋ ಕಟುಕನ ಅಂಗಡಿಯ ಮಾತಿನಂತಿದೆ. ಕರುಳು ಎಂದರೆ ನಮಗೆ ಮಮತೆಯೂ ಹೌದಲ್ಲ, ಸಾಕಿದವರ ಕರುಳು ಚುರುಕ್ ಅನ್ನಬಾರದು.

ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿಯುವುದಕ್ಕೆ ಏನೆನ್ನೋಣ? 'ಬೆಸುಗೆ' ಲೋಹದ ಕೆಲಸ. 'ಗಂಟು' ಅಂದರೆ ದಾರಿ ಮತ್ತೆ ಮುಚ್ಚಿಹೋಯ್ತು! ಒಳಗಿನ ಟೊಳ್ಳು ತೆರೆದಿರಬೇಕು, ಹೊಲಿಗೆ ಸೋರಬಾರದು. ಅದಕ್ಕೇ ಕೆಲವರು ಹೊಲಿದ ಮೇಲೆ ಸಲೈನ್ ತುಂಬಿಸಿ ಮೆಲ್ಲಗೆ ಒತ್ತಿ ನೋಡುತ್ತಾರೆ. ಸುಮ್ನೆ 'ಕೂಡುಹೊಲಿಗೆ' ಅಂತ ಕಟ್ಟಿದ್ದೇನೆ. ತೋಳಿನಂಥ ಬಟ್ಟೆಯ ಎರಡು ತುದಿ ಕೂಡಿಸಿ ಸುತ್ತ ಹೊಲಿಯುವುದಕ್ಕೆ ಹೊಲಿಗೆ ಬಲ್ಲವರಲ್ಲಿ ಬೇರೆ ಹೆಸರಿದೆಯಾ?